ಕುಂಕುಮ ಬಿದ್ದ ಆಸ್ತಿಗಳ ಪಟ್ಟಿ

ದೇವರು ಪ್ರತಿಯೊಬ್ಬನಿಗೂ ಯಾವುದಾದರೂ ಒಂದು ಅಂಗವನ್ನು ಸ್ವಲ್ಪ ಧಾರಾಳವಾಗಿ ಕೊಟ್ಟಿರುತ್ತಾನೆ ಎಂದು ನನ್ನ ನಂಬಿಕೆ. ಕೆಲವರಿಗೆ ನಾಲಿಗೆ, ಕೆಲವರಿಗೆ ಹೊಟ್ಟೆ, ನನ್ನ ಸೋದರಮಾವನಿಗೆ ಎರಡೂ. ನನಗೆ ಕೊಟ್ಟದ್ದು ಮೂಗು. ಅಳತೆಯ ಮಾತಲ್ಲ ನಾನು ಹೇಳುತ್ತಿರುವುದು, ಆ ವಿಷಯವನ್ನು ಶಾಲೆಯಲ್ಲಿ ಸಹಪಾಠಿಗಳೇ ಸಾಕಷ್ಟು ಹೇಳಿ ಮುಗಿಸಿದ್ದಾರೆ. ನನ್ನ ಮೂಗಿನ ಕಸುಬಿನ ಬಗ್ಗೆ ಹೇಳುತ್ತಿದ್ದೇನೆ. ಚಾಮರಾಜಪೇಟೆಯ ಒಂದು ಊದುಬತ್ತಿ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ನಾನು ಅನ್ನ ತಿಂದದ್ದು ಈ ಮೂಗಿನಿಂದಲೇ. ಕಣ್ಣು ಮುಚ್ಚಿಕೊಂಡು ಗಂಧದ ಪುಡಿ ಅಸಲಿಯೋ ನಕಲಿಯೋ ಹೇಳುತ್ತಿದ್ದೆ. ಹಲಸಿನ ಮರದ ಹೊಟ್ಟು ಬೆರೆಸಿದ ಮೂಟೆ ಗೇಟಿನೊಳಗೆ ಬಂದರೆ ನಾನು ಮಾಳಿಗೆಯಲ್ಲಿದ್ದರೂ ಸೀನುತ್ತಿದ್ದೆ. ಹಾಗೆ ಸೀನುತ್ತ ಸೀನುತ್ತ ಮ್ಯಾನೇಜರ್ ಆದವನು ನಾನು. ಇಷ್ಟೆಲ್ಲ ಇದ್ದರೂ, ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ, ಎರಡು ಕಡೆ ಅಂಕಿ ಬರೆದ ಲೆಕ್ಕದ ಕಾಗದ ಕಂಡರೆ ಅದನ್ನು ಮಡಚಿ ಮೇಜಿನ ಡ್ರಾಯರಿಗೆ ಸೇರಿಸಿಬಿಡುತ್ತಿದ್ದೆ.

ಹಳೆಯ ಯಜಮಾನರ ಕಾಲದಲ್ಲಿ ಇದರಿಂದ ತೊಂದರೆಯೇನೂ ಆಗಿರಲಿಲ್ಲ. ಅವರು ಸಂಜೆ ಐದಕ್ಕೆ ಕೊಡೆ ಊರಿಕೊಂಡು ಬರುತ್ತಿದ್ದರು. "ಹೆಂಗಿದೆ ಮೂರ್ತಿ?" ಎನ್ನುತ್ತಿದ್ದರು. "ಚೆನ್ನಾಗಿದೆ ಸಾರ್" ಎನ್ನುತ್ತಿದ್ದೆ. ಅದೇ ನಮ್ಮ ವಾರ್ಷಿಕ ವರದಿ. ಮನಸ್ಸು ತೀರಾ ಕೆಟ್ಟ ದಿನ "ಪರವಾಗಿಲ್ಲ ಸಾರ್" ಎಂದರೆ ಅದು ನಷ್ಟದ ವರದಿ, ಅಂದು ಅವರು ಕಾಫಿ ಕುಡಿಯದೆ ಹೊರಟುಬಿಡುತ್ತಿದ್ದರು. ಒಂದು ದಿನ ಖುಷಿಯಾಗಿ ತಮ್ಮ ತೇಗದ ತೋಳುಕುರ್ಚಿಯನ್ನೇ ನನಗೆ ಕೊಟ್ಟುಬಿಟ್ಟರು. ಅಂಗಡಿಗೆ ಹೋಗಿ ಕೊಂಡರೆ ಸಿಗುವ ಕುರ್ಚಿಯಲ್ಲ ಅದು. ಊಟವಾದ ಮೇಲೆ ಅದರಲ್ಲಿ ಕುಳಿತರೆ ಅದೇ ತಾನಾಗಿ ಕಣ್ಣು ಮುಚ್ಚಿಸುತ್ತಿತ್ತು.

ತೊಂಬತ್ತರ ದಶಕದ ನಡುವೆ ಹಳೆಯ ಯಜಮಾನರು ಮಂಡಿನೋವೆಂದು ಮನೆ ಸೇರಿದರು. ಅವರ ಮಗ, ನಾವೆಲ್ಲ ಚಿಕ್ಕ ಯಜಮಾನರು ಎನ್ನುತ್ತಿದ್ದವರು, ವ್ಯವಹಾರಶಾಸ್ತ್ರ ಓದಿ ಬಂದು ಗದ್ದುಗೆಗೆ ಕುಳಿತರು. ಮೊದಲು ಮಾಡಿದ ಕೆಲಸ ಒಂದು ಕಂಪ್ಯೂಟರ್ ತಂದದ್ದು. ಅದಕ್ಕೆ ಗಾಜಿನ ಕೋಣೆ, ತಂಪು ಗಾಳಿಯ ಯಂತ್ರ, ಬಾಗಿಲಲ್ಲಿ "ಚಪ್ಪಲಿ ಹೊರಗೆ ಬಿಡಿ" ಎಂಬ ಬೋರ್ಡು. ನಮ್ಮ ಬೀದಿಯ ಗಣಪತಿಗೂ ಅಷ್ಟು ಮಡಿ ಇರಲಿಲ್ಲ. ಎರಡನೆಯ ಕೆಲಸ ನನ್ನನ್ನು ಕರೆಸಿದ್ದು.

"ಮೂರ್ತಿಯವರೇ, ಹೊಸ ಶೆಡ್ ಕಟ್ಬೇಕು ಅಂತಿದೀನಿ. ಬ್ಯಾಂಕ್ ಸಾಲ ಕೇಳಿದೀನಿ. ಅವರು ಬಂದಾಗ ಫ್ಯಾಕ್ಟರಿ ವರದಿನ ನೀವೇ ಒಪ್ಪಿಸ್ಬೇಕು. ಲಾಭ ನಷ್ಟ, ಬ್ಯಾಲೆನ್ಸ್ ಶೀಟ್, ಎಲ್ಲಾ."

"ಸಾರ್, ನಮ್ಮ ಮಾಲಿನ ಒಂದು ಬತ್ತಿ ಹಚ್ಚಿ ಅವರ ಮುಂದೆ ಇಟ್ರೆ ಸಾಕು..."

"ನೀವು ಮೂಗಿನಿಂದ ಫ್ಯಾಕ್ಟರಿ ನಡೆಸ್ತಿದೀರ. ಬ್ಯಾಂಕಿಗೆ ಮೂಗಿಲ್ಲ," ಎಂದರು ಚಿಕ್ಕ ಯಜಮಾನರು. ಆಮೇಲೆ ದನಿ ತಗ್ಗಿಸಿ, ಡಾಕ್ಟರು ಕಾಯಿಲೆಯ ಹೆಸರು ಹೇಳುವ ರೀತಿಯಲ್ಲಿ, "ವರದಿ ಸರಿಯಾಗಿ ಒಪ್ಪಿಸಿದ್ರೆ ಹೊಸ ಶೆಡ್ಡಿಗೂ ನೀವೇ ಮ್ಯಾನೇಜರ್. ಇಲ್ಲಾಂದ್ರೆ ನೀವು ವಾಸನೆ ನೋಡ್ಕೊಂಡು ಹಾಯಾಗಿರಿ. ಲೆಕ್ಕ ಗೊತ್ತಿರೋರು ಯಾರನ್ನಾದ್ರೂ ನಿಮ್ಮ ಕುರ್ಚಿಗೆ ತರ್ತೀನಿ," ಎಂದರು. ಹಾಯಾಗಿರಿ ಎಂಬ ಮಾತು ಅಷ್ಟು ಭಯಂಕರವಾಗಿ ನನ್ನ ಕಿವಿಗೆ ಅದಕ್ಕೆ ಮೊದಲು ಬಿದ್ದಿರಲಿಲ್ಲ. ಕುರ್ಚಿ ಎಂದದ್ದು ಹುದ್ದೆಯನ್ನೋ, ಆ ತೇಗದ ಕುರ್ಚಿಯನ್ನೇ ಸೇರಿಸಿಯೋ ಎಂದು ಕೇಳುವ ಧೈರ್ಯ ಬರಲಿಲ್ಲ.

ಹೀಗಾಗಿ ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಮತ್ತೆ ಶಾಲೆಗೆ ಸೇರಿದೆ. ಬಸವನಗುಡಿಯ ಒಂದು ಪ್ರಾಥಮಿಕ ಶಾಲೆಯ ಕೋಣೆಯಲ್ಲಿ ಆರು ಶನಿವಾರ ಮಧ್ಯಾಹ್ನ, ವ್ಯವಸ್ಥಾಪಕರಿಗೆ ಲೆಕ್ಕಪತ್ರದ ಮೂಲಪಾಠ. ಮೂರನೇ ಕ್ಲಾಸಿನ ಮಕ್ಕಳ ಬೆಂಚು. ಕುಳಿತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಔಷಧಿ ಕಂಪನಿಯ ಮ್ಯಾನೇಜರ್ ಮೊದಲ ದಿನ ಬೆಂಚಿನೊಳಗೆ ಸಿಕ್ಕಿಕೊಂಡು, ಅವರನ್ನು ಇಬ್ಬರು ಸೇರಿ ಹೊರಗೆಳೆಯಬೇಕಾಯಿತು. ಪಾಠ ಹೇಳುತ್ತಿದ್ದವರು ನಿವೃತ್ತ ಆಡಿಟರ್ ಒಬ್ಬರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಪಂಚೆಯ ಮೇಲೆ ಕೋಟು, ಕೈಯಲ್ಲಿ ಸೀಮೆಸುಣ್ಣ, ಕಣ್ಣಲ್ಲಿ ನಲವತ್ತು ವರ್ಷ ಬೇರೆಯವರ ತಪ್ಪು ಹಿಡಿದ ತೃಪ್ತಿ.

"ಬಂದದ್ದು ಡೆಬಿಟ್, ಹೋದದ್ದು ಕ್ರೆಡಿಟ್. ಹೇಳಿ ಎಲ್ಲಾರೂ," ಎಂದರು ಮೇಷ್ಟ್ರು. ಮಗ್ಗಿ ಹೇಳುವ ಮಕ್ಕಳಂತೆ ನಾವು ಹದಿನಾಲ್ಕು ಮ್ಯಾನೇಜರುಗಳು ರಾಗವಾಗಿ ಹೇಳಿದೆವು. ನಾನು ಕೈಯೆತ್ತಿ, "ಸಾರ್, ನಾನು ಬ್ಯಾಂಕಿಗೆ ದುಡ್ಡು ಕಟ್ಟಿದ್ರೆ ಪಾಸ್‌ಬುಕ್ಕಲ್ಲಿ ಕ್ರೆಡಿಟ್ ಅಂತ ಬರೀತಾರಲ್ಲ, ಅದು ನನಗೆ ಬಂದದ್ದಾ ಹೋದದ್ದಾ?" ಎಂದೆ. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. "ಅದು ಬ್ಯಾಂಕಿನವರ ಕಣ್ಣಿಂದ ಬರೆದದ್ದು ಕಣ್ರೀ. ಲೋಕಾನ ಬರೀ ನಿಮ್ಮ ಕಣ್ಣಿಂದ್ಲೇ ನೋಡ್ಬೇಡಿ," ಎಂದರು. ಲೆಕ್ಕ ಕಲಿಯಲು ಹೋದವನಿಗೆ ವೇದಾಂತ ಸಿಕ್ಕಿತು. ಲೆಕ್ಕ ಮಾತ್ರ ಸಿಕ್ಕಲಿಲ್ಲ.

ಮೂರನೆಯ ವಾರದ ಹೊತ್ತಿಗೆ ಏನೋ ಸ್ವಲ್ಪ ತಲೆಗೆ ಹತ್ತಿತು ನೋಡಿ, ಅಲ್ಲಿಂದ ನನ್ನ ಹೆಂಡತಿ ವಿಮಲೆಯ ಕಷ್ಟ ಶುರುವಾಯಿತು. ಅರ್ಧ ಕಲಿತವನ ಕೈಗೆ ಸಿಕ್ಕ ವಿದ್ಯೆ ಮನೆಯವರ ಮೇಲೇ ಮೊದಲು ಪ್ರಯೋಗವಾಗುವುದು. ದಸರಾ ಹಬ್ಬಕ್ಕೆ ಸೀರೆ ಎಂದಳು. "ನೋಡು ವಿಮಲಾ, ಲಾಭ ಬೇರೆ, ನಗದು ಬೇರೆ. ನಮ್ಮ ಸಂಸಾರದಲ್ಲಿ ಲಾಭ ಇದೆ, ನಗದು ಇಲ್ಲ," ಎಂದೆ.

"ಮದುವೆ ಆದಾಗಿಂದ ಇದನ್ನೇ ಹೇಳ್ತಿದೀರ. ಇದನ್ನ ಕಲಿಯೋಕೆ ಫೀಸ್ ಬೇರೆ ಕಟ್ಟಿದಾರಾ ನಿಮ್ಮ ಯಜಮಾನ್ರು?" ಎಂದಳು.

ಸುಮ್ಮನಿರಬಹುದಿತ್ತು. ಮಾರನೆಯ ವಾರ ಸವಕಳಿಯ ಪಾಠವಾಗಿತ್ತು, ಯಾವ ವಸ್ತುವಾದರೂ ವರ್ಷ ವರ್ಷ ಸವೆದು ಬೆಲೆ ಕಳೆದುಕೊಳ್ಳುತ್ತದೆ, ಆ ಸವೆತವನ್ನು ಲೆಕ್ಕದಲ್ಲಿ ಇಳಿಸುತ್ತ ಹೋಗಬೇಕು ಎಂದು. ನಾನು ಮನೆಗೆ ಬಂದವನೇ ರುಬ್ಬುವ ಗ್ರೈಂಡರನ್ನು ತೋರಿಸಿ, ತವರಿನಿಂದ ಬಂದ ಈ ಯಂತ್ರದ ಬೆಲೆ ಲೆಕ್ಕದ ಪ್ರಕಾರ ಈಗ ಸೊನ್ನೆ ಎಂದು ಘೋಷಿಸಿದೆ. ಎರಡು ದಿನ ನನಗೆ ದೋಸೆ ಸಿಗಲಿಲ್ಲ. ಸೊನ್ನೆ ಬೆಲೆಯ ಯಂತ್ರದಲ್ಲಿ ರುಬ್ಬಿದ ದೋಸೆಯನ್ನು ನನ್ನಂಥ ದೊಡ್ಡ ಮ್ಯಾನೇಜರಿಗೆ ಹೇಗೆ ಬಡಿಸುವುದು ಎಂದು ಅವಳಿಗೆ ಸಂಕೋಚವಂತೆ. ಮುಂದಿನ ತರಗತಿಯಲ್ಲಿ ಮೇಷ್ಟ್ರ ಹತ್ತಿರ ಈ ಸಂಕಟ ಹೇಳಿಕೊಂಡೆ. ಅವರು ನಕ್ಕು, "ಸೊನ್ನೆ ಅಂತ ಯಾಕ್ರೀ ಹೇಳಿದ್ರಿ? ಪೂರ್ತಿ ಸವೆದ್ರೂ ಇನ್ನೂ ಓಡ್ತಿರೋ ಯಂತ್ರಾನ ಪುಸ್ತಕದಿಂದ ತೆಗೆಯಬಾರ್ದು. ಒಂದು ರೂಪಾಯಿ ಅಂತ ಇಟ್ಕೊಂಡಿರ್ಬೇಕು. ಅದು ಮರ್ಯಾದೆ," ಎಂದರು. ವಿಮಲೆಗೆ ಬಂದು ಹೇಳಿದೆ. ಸೊನ್ನೆಯಿಂದ ಒಂದು ರೂಪಾಯಿಗೆ ಏರಿದ್ದಕ್ಕೆ ಅವಳೇನೂ ಕುಣಿದಾಡಲಿಲ್ಲ, ಆದರೆ ದೋಸೆ ಹುಯ್ದಳು.

ಕೊನೆಯ ಶನಿವಾರದ ಪಾಠ ಆಸ್ತಿಗಳ ಪರಿಶೀಲನೆ. "ಮ್ಯಾನೇಜರ್ ಆದವನು ಆಸ್ತಿನ ಪುಸ್ತಕದಲ್ಲಿ ನೋಡಿದ್ರೆ ಸಾಲದು. ಕಣ್ಣಾರೆ ನೋಡಿ, ಮುಟ್ಟಿ, ಗುರುತು ಹಾಕ್ಬೇಕು. ಗುರುತು ಹಾಕ್ದಿದ್ರೆ ಒಂದನ್ನೇ ಎರಡು ಸಲ ಎಣಿಸ್ತೀರಿ," ಎಂದರು ಮೇಷ್ಟ್ರು. ಈ ಮಾತು ನನ್ನ ಎದೆಗೆ ನಾಟಿತು. ನಮ್ಮ ಫ್ಯಾಕ್ಟರಿಯ ಹಳೆಯ ಆಸ್ತಿ ರಿಜಿಸ್ಟರನ್ನು ನಮಗಿಂತ ಮೊದಲೇ ಗೆದ್ದಲು ಪರಿಶೀಲಿಸಿ ಮುಗಿಸಿತ್ತು. ಬ್ಯಾಂಕಿನವರು ವರದಿಯ ಜೊತೆ ಆಸ್ತಿಗಳ ಪಟ್ಟಿಯನ್ನೂ ಕೇಳಿದ್ದರು. ಬೆಲೆ ಕಟ್ಟುವುದು ಲೆಕ್ಕಪತ್ರ ವಿಭಾಗದವರ ಪಾಲಿಗೆ, ಎಣಿಸಿ ಪಟ್ಟಿ ಮಾಡುವುದು ನನ್ನ ಪಾಲಿಗೆ. ಎಣಿಸೋಣವೆಂದರೆ ಕೆಲಸದ ದಿನ ಯಾವ ಯಂತ್ರವೂ ನಿಂತಿರುವುದಿಲ್ಲ, ತಕ್ಕಡಿ ತಟ್ಟೆಗಳು ಇದ್ದಲ್ಲಿರುವುದಿಲ್ಲ, ಎಲ್ಲದರ ಮೇಲೂ ಒಂದಂಗುಲ ಊದುಬತ್ತಿಯ ಮಸಾಲೆ ಪುಡಿ.

ಆಗ ನನಗೆ ಹೊಳೆಯಿತು. ಇಂಥ ಯೋಚನೆ ಜೀವಮಾನದಲ್ಲಿ ಒಮ್ಮೆ ಹೊಳೆದರೆ ಹೆಚ್ಚು. ಮುಂದಿನ ವಾರ ಆಯುಧಪೂಜೆ! ಅಂದು ಎಲ್ಲ ಯಂತ್ರಗಳೂ ನಿಲ್ಲುತ್ತವೆ. ಎಲ್ಲವನ್ನೂ ತೊಳೆಯುತ್ತಾರೆ. ಮೂಲೆಯ ಸುತ್ತಿಗೆಯಿಂದ ಹಿಡಿದು ಎಲ್ಲವೂ ಅಂಗಳಕ್ಕೆ ಬರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದೊಂದಕ್ಕೂ ಕುಂಕುಮದ ಬೊಟ್ಟು ಬೀಳುತ್ತದೆ. ಮೇಷ್ಟ್ರು ಹೇಳಿದ ಗುರುತು! ನಮ್ಮ ಹಿರಿಯರು ಆಯುಧಪೂಜೆ ಮಾಡಿದ್ದೇ ಆಸ್ತಿ ಪರಿಶೀಲನೆಗಾಗಿ ಎಂದು ಅಂದು ಸಂಜೆ ವಿಮಲೆಗೆ ವಿವರಿಸಿದೆ. ಅವಳು, "ಇರಬಹುದು, ಕಾಲು ತೊಳ್ಕೊಂಡು ಊಟಕ್ಕೆ ಬನ್ನಿ," ಎಂದಳು.

ಪಟ್ಟಿ ಬರೆಯುವ ಕೆಲಸವನ್ನು ನಮ್ಮ ಸ್ಟೋರ್‌ಕೀಪರ್ ನಂಜುಂಡಯ್ಯನವರಿಗೆ ವಹಿಸಿದೆ. ನಂಜುಂಡಯ್ಯನವರು ಅಕ್ಷರಶಃ ಪ್ರಾಮಾಣಿಕರು. ಹೇಳಿದ್ದಕ್ಕಿಂತ ಒಂದು ಗುಲಗಂಜಿ ಕಡಿಮೆ ಮಾಡುವವರಲ್ಲ, ಹೆಚ್ಚೂ ಮಾಡುವವರಲ್ಲ. "ನೋಡಿ ನಂಜುಂಡಯ್ಯನವ್ರೇ, ಯಾವುದಕ್ಕೆ ಕುಂಕುಮ ಬಿದ್ದಿದೆಯೋ ಅದನ್ನ ಬರ್ಕೊಳ್ಳಿ. ಕುಂಕುಮ ಇಲ್ದಿದ್ರೆ ಬರೀಬೇಡಿ. ವಸ್ತು, ಎಷ್ಟಿದೆ, ಹೊಸದಾ ಹಳೇದಾ, ನಡೀತಿದೆಯಾ ಇಲ್ವಾ. ಅಷ್ಟೇ," ಎಂದೆ.

"ಆಗ್ಲಿ ಸಾರ್. ಕುಂಕುಮ ಇದ್ರೆ ಬರೀತೀನಿ," ಎಂದರು ನಂಜುಂಡಯ್ಯ.

ಹಬ್ಬದ ದಿನ ಪೂಜೆ ಭರ್ಜರಿಯಾಯಿತು. ಬೂದುಗುಂಬಳ ಒಡೆದದ್ದು, ಬಾಳೆಕಂದು, ಚೆಂಡುಹೂವು, ಮಂಕರಿಗಟ್ಟಲೆ ಕಡ್ಲೆಪುರಿ. ಬತ್ತಿ ಹೊಸೆಯುವ ಹೆಂಗಸರೆಲ್ಲ ಶ್ರೀರಾಂಪುರದಿಂದ ಹೊಸ ಸೀರೆಯುಟ್ಟು ಬಂದಿದ್ದರು. ಅವರಲ್ಲಿ ಹಿರಿಯಳು ಗಂಗಮ್ಮ, ನಾನು ಕಂಪನಿ ಸೇರುವ ಮೊದಲೇ ಸೇರಿದ್ದವಳು. ಕುಂಕುಮದ ತಟ್ಟೆ ಪ್ರತಿವರ್ಷ ಅವಳ ಕೈಯಲ್ಲೇ. ಆಕೆ ಗಾಜಿನ ಕೋಣೆಯ ಬಾಗಿಲಿಗೂ ಹೋದಳು. ಚಿಕ್ಕ ಯಜಮಾನರು ಅಡ್ಡ ನಿಂತು, "ಕಂಪ್ಯೂಟರ್‌ಗೆ ಬೇಡ ಗಂಗಮ್ಮ, ಪುಡಿ ಒಳಗೆ ಹೋದ್ರೆ ಕೆಟ್ಟೋಗತ್ತೆ," ಎಂದರು. "ದ್ಯಾವ್ರ ಕುಂಕುಮಕ್ಕೆ ಕೆಡೋವಂತಾದ್ದು ಎಷ್ಟು ದಿನ ಬಾಳ್ತದೆ ಸಾಮಿ," ಎಂದು ಗಂಗಮ್ಮ ಹಿಂದಿರುಗಿದಳು. ನಾನು ಇದನ್ನೆಲ್ಲ ನೋಡಿ ನಗುತ್ತ ನಿಂತಿದ್ದೆನೇ ಹೊರತು ಇದರಿಂದ ಮುಂದೇನಾಗಬಹುದೆಂದು ನನ್ನ ಮೂಗಿಗೂ ವಾಸನೆ ಬಡಿಯಲಿಲ್ಲ.

ಪೂಜೆಯಾದ ಮೇಲೆ ಒಬ್ಬಟ್ಟಿನ ಊಟ. ನಾಲ್ಕು ಒಬ್ಬಟ್ಟು ತಿಂದೆ ಎಂದು ವಿಮಲೆಗೆ ಹೇಳಿದ್ದೇನೆ, ನಿಮಗೆ ನಿಜ ಹೇಳುತ್ತೇನೆ, ಏಳು. ತೇಗದ ಕುರ್ಚಿಯನ್ನೂ ತೊಳೆದು, ಹೂವಿಟ್ಟು ಅಂಗಳದ ನೆರಳಿಗೆ ಹಾಕಿದ್ದರು. ನಂಜುಂಡಯ್ಯ ಹೇಗೂ ಬರೆಯುತ್ತಿದ್ದಾರಲ್ಲ ಎಂದು ಐದು ನಿಮಿಷ ಕುಳಿತೆ. ಎಚ್ಚರವಾದಾಗ ನಾಲ್ಕು ಗಂಟೆ. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ಮನೆಗೆ ಹೋಗಿ ಕನ್ನಡಿ ನೋಡಿದರೆ ಹಣೆಯ ಮೇಲೆ ನಾಲ್ಕಾಣೆ ಅಗಲದ ಕುಂಕುಮ. ಗಂಗಮ್ಮನ ತುಂಟತನವೆಂದುಕೊಂಡು ಮುಖ ತೊಳೆದೆ.

ಮೂರನೆಯ ದಿನ ಬ್ಯಾಂಕಿನವರು ಬಂದರು. ಬಂದವರು ಕನ್ನಡಕ ಹಾಕಿಕೊಂಡ, ಮಾತು ಕಡಿಮೆಯ ಒಬ್ಬ ಮೇಡಂ. ನಾನು ಎರಡು ದಿನದಿಂದ ಸ್ನಾನದ ಮನೆಯಲ್ಲೂ ಬ್ಯಾಲೆನ್ಸ್ ಶೀಟ್ ಒಪ್ಪಿಸಿಕೊಳ್ಳುತ್ತಿದ್ದವನು, ಧೈರ್ಯವಾಗಿ ಎದ್ದು ನಿಂತೆ. ನಂಬಿ ಬಿಡಿ, ಚೆನ್ನಾಗಿಯೇ ಹೇಳಿದೆ. ಆಸ್ತಿ ಒಂದು ಕಡೆ, ಹೊಣೆ ಒಂದು ಕಡೆ, ಎರಡರ ಮೊತ್ತವೂ ಸಮ. ಸವಕಳಿ ಹೇಗೆ ಇಳಿಸಿದ್ದೇವೆ, ಲಾಭ ಇದ್ದೂ ನಗದು ಯಾಕೆ ಕಡಿಮೆ, ಯಾವ ಅಂಗಡಿಗಳಿಂದ ಬಾಕಿ ಬರಬೇಕು, ಎಲ್ಲ ನಿಲ್ಲಿಸದೆ ಹೇಳಿದೆ. ಮೇಡಂ ತಲೆಯಾಡಿಸಿದರು. ಚಿಕ್ಕ ಯಜಮಾನರ ಮುಖದಲ್ಲಿ ಮೊದಲ ಬಾರಿಗೆ ನನ್ನ ಬಗ್ಗೆ ಗೌರವ ಕಾಣಿಸಿತು. ಕುರ್ಚಿ ಉಳಿಯಿತು ಮೂರ್ತಿ ಎಂದು ನನಗೆ ನಾನೇ ಬೆನ್ನು ತಟ್ಟಿಕೊಳ್ಳುವಷ್ಟರಲ್ಲಿ ಮೇಡಂ ಕೊನೆಗೆ ಸೇರಿಸಿದ್ದ ಆಸ್ತಿಗಳ ಪಟ್ಟಿಯನ್ನು ತೆರೆದರು. ಅಂಕಿಗಳು ಸಮವಾದ ಸಂಭ್ರಮದಲ್ಲಿ ಆ ಪಟ್ಟಿಯನ್ನು ನಾನು ಓದಿಯೇ ಇರಲಿಲ್ಲ.

"ಇಲ್ಲಿ ನಲವತ್ತೊಂದನೇದು, ಕಾಲಲ್ಲಿ ತುಳಿಯೋ ಹೊಲಿಗೆ ಮಿಷನ್ ಒಂದು ಅಂತಿದೆ. ಊದುಬತ್ತಿಗೆ ಹೊಲಿಗೆ ಯಾಕೆ?" ಎಂದರು ಮೇಡಂ.

ಆಗ ನನಗೆ ನೆನಪಾಯಿತು. ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಉಂಟು. ಆಯುಧಪೂಜೆಗೆ ಪುರೋಹಿತರು ನಮ್ಮ ಫ್ಯಾಕ್ಟರಿಗೆ ಬಂದಾಗ ಅಕ್ಕಪಕ್ಕದ ಸಣ್ಣ ಕಸುಬಿನವರೆಲ್ಲ ತಮ್ಮ ತಮ್ಮ ಸಲಕರಣೆಗಳನ್ನು ನಮ್ಮ ಅಂಗಳಕ್ಕೇ ತಂದಿಡುತ್ತಾರೆ. ಒಂದೇ ಮಂಗಳಾರತಿಯಲ್ಲಿ ಎಲ್ಲರದೂ ಆಗಿಹೋಗುತ್ತದೆ, ದಕ್ಷಿಣೆ ನಮ್ಮ ಯಜಮಾನರದು. ಕಂಪನಿ ಸೇರಿದಾಗಿನಿಂದ ನೋಡಿದ ಪದ್ಧತಿ, ಅದಕ್ಕೇ ನಂಜುಂಡಯ್ಯನವರಿಗೆ ಪಟ್ಟಿಯ ಕೆಲಸ ಹೇಳುವಾಗ ತಲೆಗೆ ಬಂದಿರಲಿಲ್ಲ.

"ಮೂಟೆ... ಮೂಟೆ ಹೊಲಿಯೋಕೆ ಮೇಡಂ," ಎಂದೆ.

"ಇಸ್ತ್ರಿ ಪೆಟ್ಟಿಗೆ?"

"ಪೆಟ್ಟಿಗೆ... ಲೇಬಲ್ ಸುಕ್ಕಾಗಿದ್ರೆ..."

"ಕಬ್ಬಿನ ಹಾಲಿನ ಯಂತ್ರ?"

ಕಬ್ಬಿನ ಹಾಲಿನ ಪರಿಮಳದ ಹೊಸ ಬತ್ತಿಯೊಂದನ್ನು ತರುವ ಯೋಚನೆಯಿದೆ ಎಂದು ಹೇಳಲು ಬಾಯಿ ತೆರೆದೆ. ಚಿಕ್ಕ ಯಜಮಾನರ ಕಣ್ಣು ನೋಡಿ ಮುಚ್ಚಿದೆ. ಮೇಡಂ ಮುಂದುವರಿದರು. ಆಟೋ ರಿಕ್ಷಾ ಒಂದು. ಹೂವಿನ ತಕ್ಕಡಿ ಎರಡು. ಆಮೇಲೆ ಕೊನೆಯ ಸಾಲಿಗೆ ಬಂದು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಒಂದೊಂದೇ ಪದ ಬಿಡಿಸಿ ಓದಿದರು.

"ಎಪ್ಪತ್ತನಾಲ್ಕು. ಮ್ಯಾನೇಜರ್, ಕುರ್ಚಿ ಸಮೇತ. ಒಂದು. ಹಳೆಯದು. ನಡೆಯುತ್ತಿದೆ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇಂಗು ತಿಂದ ಮಂಗನ ಹಾಗೆ ನಿಂತೆ. ಚಿಕ್ಕ ಯಜಮಾನರು ಕೆಂಪಗಾಗಿ, "ಕ್ಷಮಿಸಿ ಮೇಡಂ, ಇವರಿಗೆ ಲೆಕ್ಕ ಗೊತ್ತಿಲ್ಲ. ಬೇರೆಯವರನ್ನ ನೇಮಿಸ್ಬೇಕು ಅಂತ ಮೊದ್ಲೇ ಅಂದ್ಕೊಂಡಿದ್ದೆ," ಎಂದರು. ಇಪ್ಪತ್ತೆರಡು ವರ್ಷ ಒಂದು ವಾಕ್ಯದಲ್ಲಿ ಹೊರಟುಹೋಯಿತು. ನಗುತ್ತ ಬರೆಯುತ್ತಿದ್ದೇನೆ, ಆದರೆ ಆ ಕ್ಷಣ ನಗು ಬಂದಿರಲಿಲ್ಲ. ಮನೆಗೆ ಹೋಗಿ ವಿಮಲೆಗೆ ಏನು ಹೇಳುವುದು ಎಂಬುದಷ್ಟೇ ತಲೆಯಲ್ಲಿ ತಿರುಗುತ್ತಿತ್ತು.

ಮೇಡಂ ಮಾತ್ರ ನಗಲಿಲ್ಲ, ಗದರಲೂ ಇಲ್ಲ. ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಇನ್ನೊಮ್ಮೆ ನೋಡಿದರು. "ಹೆಚ್ಚಿಗೆ ಇರೋದು ಇರ್ಲಿ, ಹೊಡೆದುಹಾಕಬಹುದು. ಇಲ್ಲದೆ ಇರೋದರ ಬಗ್ಗೆ ಹೇಳಿ. ಈ ವರ್ಷಾನೇ ನಮ್ಮ ಬ್ಯಾಂಕಿನ ಸಾಲದಲ್ಲಿ ನೀವು ಕಂಪ್ಯೂಟರ್ ತಗೊಂಡ್ರಿ. ಅದು ಈ ಪಟ್ಟಿಲಿ ಇಲ್ವಲ್ಲ? ಮಾರಿಬಿಟ್ರಾ?" ಎಂದು ಚಿಕ್ಕ ಯಜಮಾನರ ಕಡೆ ತಿರುಗಿದರು.

"ಇಲ್ಲ ಇಲ್ಲ ಮೇಡಂ, ಇದೆ! ಅಲ್ಲೇ ಇದೆ!"

"ಹಾಗಾದ್ರೆ ಯಾಕೆ ಬರೆದಿಲ್ಲ?"

ಬಾಗಿಲ ಬಳಿ ರಿಜಿಸ್ಟರ್ ಹಿಡಿದು ನಿಂತಿದ್ದ ನಂಜುಂಡಯ್ಯನವರು ವಿನಯದಿಂದ, "ಯಜಮಾನ್ರು ಅದಕ್ಕೆ ಕುಂಕುಮ ಇಡಕ್ಕೆ ಬಿಡ್ಲಿಲ್ಲ ಮೇಡಂ," ಎಂದರು.

ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಬಂದವರೆಲ್ಲ ಚಪ್ಪಲಿ ಬಿಟ್ಟು ಗಾಜಿನ ಕೋಣೆಗೆ ಹೋಗಿ ಕಂಪ್ಯೂಟರಿನ ದರ್ಶನವನ್ನೂ ಮಾಡಬೇಕಾಯಿತು. ಮೇಡಂ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, "ಪಟ್ಟಿ ಸರಿಮಾಡಿ ಕಳಿಸಿ, ನೋಡೋಣ. ಲೆಕ್ಕ ಹೇಳಿದ್ದು ಸರಿಯಾಗಿದೆ. ಇವರಿಗೆ ಲೆಕ್ಕ ಗೊತ್ತಿಲ್ಲ ಅಂದ್ರಲ್ಲ, ಅಷ್ಟನ್ನೂ ಇವರೇ ತಾನೆ ಹೇಳಿದ್ದು?" ಎಂದರು. ಚಿಕ್ಕ ಯಜಮಾನರು ಬಗ್ಗಿ ತಮ್ಮ ಚಪ್ಪಲಿ ಹುಡುಕತೊಡಗಿದರು. ಸಂಜೆ ನನ್ನನ್ನು ಕರೆದು, ಕಿಟಕಿಯ ಹೊರಗೆ ನೋಡುತ್ತ, "ಹೊಸ ಶೆಡ್ಡಿಗೂ ನೀವೇ ಇರಿ. ಆದ್ರೆ ಆ ಆರು ಶನಿವಾರ ಇನ್ನೊಂದು ಸಲ ಹೋಗಿಬನ್ನಿ," ಎಂದರು. ಬಾಗಿಲು ದಾಟುವಾಗ ಹಿಂದಿನಿಂದ, "ಮುಂದಿನ ಬ್ಯಾಚ್ ಯಾವಾಗ ಶುರು? ನಾನೂ ಬರ್ತೀನಿ," ಎಂಬುದೂ ಕೇಳಿಸಿತು.

ಪಟ್ಟಿ ತಿದ್ದಲು ಕುಳಿತಾಗ ನಂಜುಂಡಯ್ಯನವರನ್ನು ತರಾಟೆಗೆ ತೆಗೆದುಕೊಂಡೆ. "ನನ್ನ ಯಾಕ್ರೀ ಬರೆದ್ರಿ?"

"ಕುಂಕುಮ ಇತ್ತಲ್ಲ ಸಾರ್."

"ಸರಿ. ಹಳೆಯದು ಅಂತ ಯಾಕೆ?"

"ಹೊಸದು ಅನ್ನೋಕೆ ಬಿಲ್ ಸಿಗ್ಲಿಲ್ಲ ಸಾರ್."

"ನಡೆಯುತ್ತಿದೆ ಅಂತ ಹೇಗೆ ತೀರ್ಮಾನ ಮಾಡಿದ್ರಿ?"

ನಂಜುಂಡಯ್ಯ ಸ್ವಲ್ಪ ಸಂಕೋಚಪಟ್ಟರು. "ಅದೇ ಯೋಚನೆ ಆಯ್ತು ಸಾರ್. ನೀವು ಅಲ್ಲಾಡ್ತಿರ್ಲಿಲ್ಲ. ಆಮೇಲೆ ಹತ್ರ ಹೋಗಿ ಕಿವಿ ಕೊಟ್ಟೆ. ಸದ್ದು ಬರ್ತಿತ್ತು. ಬಾಕಿ ಯಂತ್ರ ಎಲ್ಲಾ ನಿಂತಿದ್ವು, ಇದೊಂದೇ ಓಡ್ತಿತ್ತು ಸಾರ್."

ಆಟೋ ಹೊಡೆದೆ, ಹೊಲಿಗೆ ಮಿಷನ್ ಹೊಡೆದೆ, ಕಬ್ಬಿನ ಯಂತ್ರ ಹೊಡೆದೆ. ಎಪ್ಪತ್ತನಾಲ್ಕನೆಯ ಸಾಲಿಗೆ ಬಂದಾಗ "ಕುರ್ಚಿ" ಎಂಬುದೊಂದನ್ನು ಉಳಿಸಿ ನನ್ನನ್ನೂ ಹೊಡೆದುಹಾಕಿದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ನಮ್ಮ ಲೆಕ್ಕಪತ್ರ ವಿಭಾಗದವರು ಆ ಕುರ್ಚಿಗೆ ಬೆಲೆ ಕಟ್ಟಿದರು, ಒಂದು ರೂಪಾಯಿ. ಅದರಲ್ಲಿ ಕುಳಿತವನಿಗೆ ಅಷ್ಟೂ ಇಲ್ಲ.

ಮರುವರ್ಷದ ಆಯುಧಪೂಜೆಯಲ್ಲಿ ಎಲ್ಲ ವ್ಯವಸ್ಥೆಯೂ ಅಚ್ಚುಕಟ್ಟು. ಎರಡು ಸಲ ಕೋರ್ಸು ಮುಗಿಸಿದ ಮ್ಯಾನೇಜರು ನಾನು. ಬೀದಿಯವರ ಸಲಕರಣೆಗಳಿಗೆ ಬೇರೆ ಚಾಪೆ, ನಮ್ಮವಕ್ಕೆ ಬೇರೆ. ಕಂಪ್ಯೂಟರಿಗೆ ಪ್ಲಾಸ್ಟಿಕ್ ಹೊದಿಸಿ ಅದರ ಮೇಲೆ ಕುಂಕುಮವಿಟ್ಟದ್ದೂ ಆಯಿತು, ಇಡಿಸಿದವರು ಸ್ವತಃ ಚಿಕ್ಕ ಯಜಮಾನರು. ನಾನು ಒಬ್ಬಟ್ಟನ್ನು ಮೂರಕ್ಕೇ ನಿಲ್ಲಿಸಿ, ಎಚ್ಚರವಾಗಿಯೇ ತೇಗದ ಕುರ್ಚಿಯಲ್ಲಿ ಕುಳಿತಿದ್ದೆ. ಗಂಗಮ್ಮ ತಟ್ಟೆ ಹಿಡಿದು ಬಂದಳು. ಕುರ್ಚಿಯ ಎರಡು ತೋಳಿಗೂ ಬೊಟ್ಟಿಟ್ಟಳು. ನಾನು ಗೊತ್ತಾಗದಷ್ಟು ಸ್ವಲ್ಪ ತಲೆ ಮುಂದಕ್ಕೆ ಬಾಗಿಸಿದೆ.

"ನಿಮಗೆ ಬ್ಯಾಡ ಸಾಮಿ, ಹೋದ ಸಲ ಗಲಾಟೆ ಆಯ್ತಲ್ಲ," ಎಂದು ಗಂಗಮ್ಮ ಮುಂದೆ ಹೋಗಿಬಿಟ್ಟಳು.

ಒಳ್ಳೆಯದೇ ಆಯಿತು ಎಂದುಕೊಂಡೆ. ಅತ್ತ ತಕ್ಕಡಿ, ರುಬ್ಬುವ ಡ್ರಮ್ಮು, ತುಕ್ಕು ಹಿಡಿದ ಸುತ್ತಿಗೆ, ಎಲ್ಲವೂ ಬೊಟ್ಟಿಟ್ಟುಕೊಂಡು ಕೂತಿದ್ದವು. ನಂಜುಂಡಯ್ಯನವರು ಒಂದೊಂದನ್ನೇ ನೋಡಿ ಬರೆದುಕೊಳ್ಳುತ್ತ ನನ್ನ ಕಡೆಗೇ ಬರುತ್ತಿದ್ದರು. ಎದ್ದು ಹೋಗಿ, ಗಂಗಮ್ಮ ಕೆಳಗಿಟ್ಟಿದ್ದ ತಟ್ಟೆಯಿಂದ ಯಾರೂ ನೋಡದಂತೆ ಒಂದು ಚಿಟಿಕೆ ಕುಂಕುಮ ತೆಗೆದು ಹಣೆಗಿಟ್ಟುಕೊಂಡೆ. ಮತ್ತೆ ಬಂದು ಕುರ್ಚಿಯಲ್ಲಿ ಕುಳಿತೆ. ನಂಜುಂಡಯ್ಯನವರು ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡು, ಸಾಧ್ಯವಾದಷ್ಟು ಸ್ಪಷ್ಟವಾಗಿ, ಗೊರಕೆ ಹೊಡೆದೆ.